ಕಿವುಡ ಮಕ್ಕಳ ಶಾಲೆಗೊಂದು ಊಫರ್

ಭಾಲ್ಕಿ
೨೮ ಸೆಪ್ಟೆಂಬರ್ ೨೦೦೩

ಪ್ರೀತಿಯ ಗೋರಖನಾಥನಿಗೆ,

ರೂತಮ್ಮ ಟೀಚರ್ ಕಾಗದ ಬಂತು ಅಂದರೆ ಅವರಿಗೆ ಏನೋ ಬೇಕಾಗಿದೆ ಎಂದು ನೀನು ನಗುತ್ತಿರಬಹುದು. ನಗು, ಪರವಾಗಿಲ್ಲ. ಬೇಕಾಗಿದೆ.

ಶಾಲೆಯ ಕಮಿಟಿಯ ಅಧ್ಯಕ್ಷರು ಶಿವರಾಜಪ್ಪನವರು ನಿನಗೆ ನೆನಪಿರಬೇಕು, ಕಾಳುಕಡಿಯ ಅಡತಿ ಅಂಗಡಿಯವರು, ಪ್ರತಿ ಆಗಸ್ಟ್ ಹದಿನೈದಕ್ಕೆ ನಿಮಗೆಲ್ಲ ಬುಂದೆ ಹಂಚುತ್ತಿದ್ದವರು. ತೀರಿಹೋದ ತಾಯಿಯ ಹೆಸರಿನಲ್ಲಿ ಶಾಲೆಗೆ ಏನಾದರೂ ಕೊಡಬೇಕೆಂದು ಅವರಿಗೆ ಬಹಳ ದಿನದ ಆಸೆ. ಹೋದ ವಾರ ಮೀಟಿಂಗಿನಲ್ಲಿ ಎದ್ದು ನಿಂತು, "ಸಾಲಿಗೆ ಒಂದು ಹೋಮ್ ಥಿಯೇಟರ್ ಕೊಡ್ತೇನ್ರಿ. ಐದು ಸ್ಪೀಕರ್, ಒಂದು ಊಫರ್. ನಮ್ಮ ಬೀಗರ ಮನ್ಯಾಗ ನೋಡೇನಿ, ಗ್ವಾಡಿ ನಡುಗ್ತದ!" ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಚಪ್ಪಾಳೆ ನಿಲ್ಲಿಸಿದರು. ಕಿವುಡ ಮಕ್ಕಳ ಶಾಲೆಗೆ ಹೋಮ್ ಥಿಯೇಟರ್! ಪಾಪ, ಅವರ ಮುಖ ನೋಡಬೇಕಿತ್ತು. ಯಾರೋ "ಅದರ ಬದ್ಲಿ ನೀರಿನ ಟಾಕಿ ಕೊಡ್ರಿ" ಎಂದರು. ಈ ಬರದಲ್ಲಿ ಅದೇ ಸರಿಯಾದ ಮಾತು. ಆದರೆ ನಾನು ಎದ್ದು, "ಬ್ಯಾಡ್ರಿ, ಹೋಮ್ ಥಿಯೇಟರೇ ಇರಲಿ" ಎಂದುಬಿಟ್ಟೆ. ಟೀಚರಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಮಾತಾಗಿದೆ.

ಯಾಕೆ ಹಾಗೆಂದೆ ಕೇಳು. ಗಣಪತಿ ಕಳಿಸುವ ದಿನ ಮೆರವಣಿಗೆ ನಮ್ಮ ಶಾಲೆಯ ಮುಂದೆ ಹಾದುಹೋಯಿತು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರ್ ಡಬ್ಬಗಳು. ಮಕ್ಕಳೆಲ್ಲ ಪಾಠ ಬಿಟ್ಟು ಕಿಟಕಿಗೆ ಓಡಿದರು. ಖಟಕ ಚಿಂಚೋಳಿಯ ಸುಭದ್ರಾ ಎಂಬ ಹುಡುಗಿ, ಹನ್ನೊಂದು ವರ್ಷ, ಶಾಲೆಗೆ ಸೇರಿ ಎರಡು ವರ್ಷವಾದರೂ ಒಮ್ಮೆಯೂ ನಗದವಳು, ಆ ಸದ್ದಿಗೆ ನಡುಗುತ್ತಿದ್ದ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತು ನಕ್ಕಳು. ಮೆರವಣಿಗೆ ದೂರ ಹೋದ ಮೇಲೂ ಸರಳು ಬಿಡಲಿಲ್ಲ.

ಈಗ ಕಷ್ಟದ ಮಾತು. ಇದು ಮೂರನೆಯ ವರ್ಷ ಮಳೆ ಕೈಕೊಟ್ಟಿದ್ದು. ದೀಪಾವಳಿ ಮುಗಿದ ಮೇಲೆ ಅರ್ಧ ತಾಲೂಕು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಕಿವುಡ ಮಕ್ಕಳಾದರೂ ಕಬ್ಬಿನ ಜಲ್ಲೆ ಹೊರಬಲ್ಲರು. ನಮ್ಮಲ್ಲಿ ಈಗ ಹದಿನೈದು ಮಕ್ಕಳು. ಹನ್ನೆರಡಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚುವುದೆಂದು ಕಮಿಟಿ ತೀರ್ಮಾನಿಸಿದೆ. ಫಿಲಿಪ ಮಾಸ್ತರರು ಕೆಲಸ ಬಿಟ್ಟು ಬೀದರಿಗೆ ಹೋದರು, ಉಳಿದ ಟೀಚರ್ ನಾನೊಬ್ಬಳೇ. ಈ ಮಕ್ಕಳು ಇಲ್ಲೇ ಉಳಿಯಬೇಕಾದರೆ ಇಲ್ಲಿ ಅವರಿಗೆ ಬೇಕೆನಿಸುವಂಥದು ಏನಾದರೂ ಇರಬೇಕು. 'ಮ' ಹೇಳು, 'ಪ' ಹೇಳು ಎನ್ನುವ ನನ್ನ ಮುಖವೊಂದೇ ಸಾಲದು.

ನೀನು ಪುಣೆಯ ದೊಡ್ಡ ಅಂಗಡಿಯಲ್ಲಿ ಗಿರಾಕಿಗಳಿಗೆ ಸೌಂಡ್ ಸಿಸ್ಟಮ್ ಆರಿಸಿ ಕೊಡುವವನು. ನಿನ್ನ ತಾಯಿ ಕೌಸಲ್ಯಾಬಾಯಿ ಸಂತಪುರದಿಂದ ಔರಾದಕ್ಕೆ ಹೋಗುವ ಬಸ್ಸಿನಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತಾರಂತೆ. ನಮಗೂ ಒಂದು ಆರಿಸಿ ಕೊಡು. ರಿಸೀವರ್ ಎಂದರೇನು, ಊಫರ್ ಎಂಥದಿರಬೇಕು, ತಿಳಿಯುವಂತೆ ಬರೆ. ಫೋನು ನಿನಗಂತೂ ಉಪಯೋಗವಿಲ್ಲ, ನನಗೂ ಈಚೆಗೆ ಅದರಲ್ಲಿ ಮಾತಾಡಿದರೆ ಸಮಾಧಾನವಿಲ್ಲ. ಕಾಗದವೇ ಒಳ್ಳೆಯದು.

ನಿನ್ನ ಟೀಚರ್,
ರೂತಮ್ಮ


ಪುಣೆ
೯ ಅಕ್ಟೋಬರ್ ೨೦೦೩

ಟೀಚರ್ ಅವರಿಗೆ ಜೈ ಭೀಮ್.

ನಿಮ್ಮ ಪತ್ರ ಮೂರು ಸಲ ಓದಿದೆ. ನಕ್ಕಿದ್ದು ಒಂದೇ ಸಲ.

ರಿಸೀವರ್ ಎಂದರೆ ಯಜಮಾನ ಡಬ್ಬ. ಸಿನಿಮಾ ಡಿಸ್ಕಿನಿಂದ ಬರುವ ಸದ್ದನ್ನು ತೆಗೆದುಕೊಂಡು ಯಾವ ಸ್ಪೀಕರಿಗೆ ಎಷ್ಟು ಎಂದು ಹಂಚುವುದು ಅದರ ಕೆಲಸ. ಅಂಗಡಿಯವರು ಮುಂದಿನ ಬಣ್ಣದ ದೀಪ ತೋರಿಸುತ್ತಾರೆ. ದೀಪ ನೋಡಬೇಡಿ, ಎತ್ತಿ ನೋಡಿ. ಒಳಗೆ ಕರೆಂಟು ಬದಲಾಯಿಸುವ ತಾಮ್ರದ ಸುರುಳಿ ದೊಡ್ಡದಿದ್ದರೆ ಡಬ್ಬ ಭಾರ ಇರುತ್ತದೆ, ಜೋರಾಗಿ ಕೊಟ್ಟರೂ ಸುಸ್ತಾಗುವುದಿಲ್ಲ. ಹಗುರ ಡಬ್ಬದ ಮೇಲೆ ಎಷ್ಟು ದೊಡ್ಡ ಅಂಕಿ ಬರೆದಿದ್ದರೂ ಅದು ಅಂಕಿ ಮಾತ್ರ. ಹಿಂಬದಿಯಲ್ಲಿ ಊಫರಿಗೆಂದೇ ಬೇರೆ ತೂತು ಇರಬೇಕು. ಅದಿಲ್ಲದ್ದು ನಮಗೆ ಬೇಡ.

ಊಫರ್ ದಪ್ಪ ಸದ್ದಿನದು. ಡೋಲು, ಗುಡುಗು, ಅಂಥವು. ನಮ್ಮಂಥವರಿಗೆ ಬೇಕಾದದ್ದು ಅದೊಂದೇ. ಐದು ಸಣ್ಣ ಸ್ಪೀಕರ್ ಕಿವಿ ಇದ್ದವರಿಗೆ. ಕೆಲವು ಊಫರಿನ ಬಾಯಿ ಮುಂದೆ ಇರುತ್ತದೆ, ಕೆಲವಕ್ಕೆ ಕೆಳಗೆ, ನೆಲದ ಕಡೆ. ನೆಲ ನೋಡುವ ಊಫರ್ ತೆಗೆದುಕೊಳ್ಳಿ. ಮಕ್ಕಳಿಗೆ ಪಾದದಿಂದ ಸಿಗುತ್ತದೆ.

ನಾನು ಹೇಗೆ ಆರಿಸುತ್ತೇನೆ ಎಂದು ಕೇಳುತ್ತೀರಿ. ಒಂದು ಫುಗ್ಗಾ ಊದಿ ಎರಡು ಅಂಗೈ ನಡುವೆ ಹಿಡಿಯುತ್ತೇನೆ. ಡಬ್ಬದ ಎದುರು ನಿಲ್ಲುತ್ತೇನೆ. ಒಳ್ಳೆಯ ಊಫರ್ ಇದ್ದರೆ ಒಂದೊಂದು ಏಟು ಬೇರೆಬೇರೆಯಾಗಿ ಬರುತ್ತದೆ. ಕೆಟ್ಟದ್ದು ಎಲ್ಲ ಕಲಸಿ ಅಂಬಲಿ ಮಾಡುತ್ತದೆ. ಇದು ನಿಮ್ಮದೇ ವಿದ್ಯೆ, ಟೀಚರ್. ನನ್ನ ಅಂಗೈಯನ್ನು ನಿಮ್ಮ ಗಂಟಲಿಗೆ ಒತ್ತಿಕೊಂಡು 'ಮ' ಎನ್ನುತ್ತಿದ್ದಿರಿ. ಇನ್ನೊಂದು ಕೈಯಲ್ಲಿ, ನಾವು ಸನ್ನೆ ಮಾಡಿದರೆ ಬೀಳುವ ರೂಲರ್ ಇರುತ್ತಿತ್ತು. ಅದೂ ನೆನಪಿದೆ.

ನಮ್ಮ ಅಂಗಡಿಯಿಂದಲೇ ಆರಿಸಿ ಲಾರಿಗೆ ಹಾಕಿಸುತ್ತೇನೆ. ಬೀದರಿನ ನಿಜಾಮೋದ್ದೀನ ಭಾಯಿ ಇಲ್ಲಿ ರಿಪೇರಿ ಮೆಕ್ಯಾನಿಕ್. ತಂತಿ ಎಲ್ಲಿ ಯಾವುದು ಎಂದು ಅವರು ಚಿತ್ರ ಬರೆದು ಕೊಡುತ್ತಾರೆ.

ಗೋರಖನಾಥ


ಭಾಲ್ಕಿ
೯ ಡಿಸೆಂಬರ್ ೨೦೦೩

ಪ್ರೀತಿಯ ಗೋರಖನಾಥ,

ನಿನ್ನ ಊಫರ್ ಬಂತು, ಸೋತಿತು, ಆಮೇಲೆ ಗೆದ್ದಿತು. ಕ್ರಮವಾಗಿ ಹೇಳುತ್ತೇನೆ.

ಶಿವರಾಜಪ್ಪನವರು ಐದೂ ಸಣ್ಣ ಸ್ಪೀಕರುಗಳನ್ನು ಗೋಡೆಗೆ ಹೊಡೆಸಿಯೇ ಬಿಟ್ಟರು. "ಕೇಳಸ್ಲಿ ಬಿಡ್ಲಿ, ಪೂರಾ ಸೆಟ್ ಕೂಡಬೇಕ್ರಿ" ಎಂದರು. ಇರಲಿ, ತಾಯಿಯ ಹೆಸರಿನದು. ಉದ್ಘಾಟನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಡೋಲಿನ ಡಿಸ್ಕ್ ಹಾಕಿದೆವು. ಕಮಿಟಿಯವರೆಲ್ಲ ಕಿವಿ ಮುಚ್ಚಿಕೊಂಡರು. ಮಕ್ಕಳು ಸುಮ್ಮನೆ ನಿಂತು ನನ್ನ ಮುಖ ನೋಡಿದರು. ಅವರ ಪಾದಕ್ಕೆ ಏನೂ ಬರಲಿಲ್ಲ. ನಮ್ಮ ಕೋಣೆಗೆ ಶಹಾಬಾದ ಫರಸಿ ಹಾಸಿದೆಯಲ್ಲ, ಅಷ್ಟು ದಪ್ಪ ಕಲ್ಲು ಯಾರ ಮಾತಿಗೂ ಅಲುಗುವುದಿಲ್ಲ. ನನಗೆ ಅಳು ಬಂತು, ನೀರಿನ ಟಾಕಿ ಬಿಟ್ಟು ಇದನ್ನು ಆರಿಸಿದೆನಲ್ಲ ಎಂದು.

ಆಗ ಕಣ್ಣಿಗೆ ಬಿದ್ದದ್ದು ನನ್ನ ಕಟ್ಟೆ. ಹಲಗೆಯ ಮೇಲೆ ನಿಂತು ಪಾಠ ಮಾಡುತ್ತಿದ್ದೆನಲ್ಲ, ಒಳಗೆ ಟೊಳ್ಳಿರುವ ಆ ಮರದ ಕಟ್ಟೆ. ಮರುದಿನ ಅಡುಗೆಯ ಭಾಗೀರಥಿಬಾಯಿ, ನಿನ್ನ ಜೊತೆಗೇ ಈ ಶಾಲೆಯಲ್ಲಿ ಓದಿದವಳು, ಅವಳೂ ನಾನೂ ಸೇರಿ ಅದನ್ನು ಕೋಣೆಯ ನಡುವೆ ಎಳೆದು ಊಫರನ್ನು ಅದರ ಮೇಲೆ ಇಟ್ಟೆವು. ಮಕ್ಕಳನ್ನು ಹತ್ತಿಸಿದೆ. ಇಪ್ಪತ್ತೆಂಟು ವರ್ಷ ನಾನು ಮೇಲೆ, ಮಕ್ಕಳು ಕೆಳಗೆ. ಈಗ ಅವರು ಮೇಲೆ, ನಾನು ಫರಸಿಯ ಮೇಲೆ. ಡೋಲು ಶುರುವಾಯಿತು. ಸುಭದ್ರಾ ಮೊದಲು ಬೆಚ್ಚಿ ತನ್ನ ಕಾಲು ನೋಡಿಕೊಂಡಳು. ಆಮೇಲೆ ಒಂದು ಹೆಜ್ಜೆ ಹಾಕಿದಳು. ಏಟಿಗೆ ಸರಿಯಾಗಿ, ಗೋರಖನಾಥ, ಒಂದಿಷ್ಟೂ ತಪ್ಪದೆ.

ಅವಳ ತಾಯಿ ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಹೊರಗೆ ಗಂಟು ಕಟ್ಟಿಕೊಂಡು ಕೂತಿದ್ದವಳು ಬಾಗಿಲಲ್ಲಿ ನಿಂತು ನೋಡಿದಳು. "ಇಕಿ ನಮ್ಮ ಪೋರಿ ಏನ್ರಿ?" ಎಂದಳು. ಆಮೇಲೆ, "ಇರ್ಲಿ ಬಿಡ್ರಿ ಬಾಯಿ, ಇಲ್ಲೇ ಇರ್ಲಿ. ನಾ ಒಬ್ಬಾಕಿನೇ ಹೋಗ್ತೇನಿ" ಎಂದು ಮಗಳ ಗಂಟು ಬಿಚ್ಚಿಟ್ಟು ಹೋದಳು. ಇಬ್ಬರು ಹೋದರು. ಹದಿಮೂರು ಉಳಿದಿದ್ದಾರೆ. ಒಂದು ಹೆಚ್ಚೇ ಇದೆ.

ನಿನಗೆ ಹೇಗೆ ಕೃತಜ್ಞತೆ ಹೇಳಲಿ.

ರೂತಮ್ಮ


ಪುಣೆ
೨೦ ಡಿಸೆಂಬರ್ ೨೦೦೩

ಟೀಚರ್,

ಕಟ್ಟೆಯ ವಿಷಯ ಓದಿ ಗೋದಾಮಿನಲ್ಲಿ ಒಬ್ಬನೇ ಕುಣಿದೆ. ಫರಸಿಯ ಬಗ್ಗೆ ನಾನೇ ಕೇಳಬೇಕಿತ್ತು, ಮರೆತೆ. ಆರು ವರ್ಷ ಆ ಕಲ್ಲಿನ ಮೇಲೆ ಮಲಗಿದ್ದವನು ನಾನು.

ನಿಜಾಮೋದ್ದೀನ ಭಾಯಿ ಒಂದು ಪ್ರಶ್ನೆ ಕೇಳಿದ್ದಾರೆ. ಡಿಸ್ಕ್ ಹಾಕದೇ ಸ್ವಿಚ್ ಮಾತ್ರ ಹಾಕಿದಾಗ ಊಫರಿನಿಂದ ಸದ್ದು ಬರುತ್ತದೆಯೇ? ನೀವು ಕೇಳಿ ನೋಡಿ ಬರೆಯಬೇಕು. ಇದು ನನ್ನಿಂದ ಆಗದ ಕೆಲಸ.

ನಿಮಗೆ ಕ್ರಿಸ್ಮಸ್ ಶುಭಾಶಯ.

ಗೋರಖನಾಥ


ಭಾಲ್ಕಿ
೧೬ ಫೆಬ್ರುವರಿ ೨೦೦೪

ಪ್ರೀತಿಯ ಗೋರಖನಾಥ,

ಉತ್ತರ ತಡವಾಯಿತು. ಕ್ರಿಸ್ಮಸ್ಸಿಗೆ ಬೀದರಿಗೆ ತಂಗಿ ಆನಂದಮ್ಮನ ಮನೆಗೆ ಹೋಗಿದ್ದೆ, ಬಂದ ಮೇಲೆ ಯಾಕೋ ಬರೆಯಲು ಮನಸ್ಸಾಗಲಿಲ್ಲ. ಇಲ್ಲಿ ಬಾವಿ ಬತ್ತಿ ಒಂದು ತಿಂಗಳಾಯಿತು. ಟ್ಯಾಂಕರ್ ಮೂರು ದಿನಕ್ಕೊಮ್ಮೆ. ಹಿತ್ತಲ ಮಣ್ಣು ಬಿರಿದು ಕೈ ಹೋಗುವಷ್ಟು ಸಂದು ಬಿಟ್ಟಿದೆ.

ಮಕ್ಕಳು ಹನ್ನೆರಡು. ಸಂಕ್ರಾಂತಿಗೆ ಒಬ್ಬ ಹೋದ. ಆದರೆ ಉಳಿದವರು ಗಟ್ಟಿ. ನಿನ್ನ ಊಫರ್ ಈಗ ಇನ್ನೂ ಜೀವಂತವಾಗಿದೆ ಎನ್ನಬೇಕು. ಡಿಸ್ಕ್ ಹಾಕದಿದ್ದರೂ ಕೈ ಇಟ್ಟರೆ ಒಳಗೆ ಬೆಕ್ಕು ಮಲಗಿದ ಹಾಗೆ ಸಣ್ಣಗೆ ನಡುಗುತ್ತಿರುತ್ತದೆ. ಮಕ್ಕಳಿಗೆ ಅದು ಬಹಳ ಇಷ್ಟ. ಮಧ್ಯಾಹ್ನ ಪಾಳಿ ಹಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂಡುತ್ತಾರೆ. ನಾನು ಸ್ವಿಚ್ ತೆಗೆಯುವುದೇ ಇಲ್ಲ. ನಿಜಾಮೋದ್ದೀನ ಭಾಯಿಗೆ ಹೇಳು, ಸದ್ದು ಗಿದ್ದು ಏನೂ ಇಲ್ಲ, ಬಹಳ ಚೆನ್ನಾಗಿದೆ.

ಸುಭದ್ರಾ ಮಾತ್ರ ಎರಡು ದಿನದಿಂದ ಹಟ ಮಾಡುತ್ತಿದ್ದಾಳೆ. ರಿಸೀವರಿನ ಹಿಂದಿನ ತಗಡು ಮುಟ್ಟುತ್ತಾಳೆ, ಓಡಿ ಬರುತ್ತಾಳೆ, ಬೆರಳುಗಳನ್ನು ತೋಳಿನ ಮೇಲೆ ಸರಸರ ಹರಿಸಿ ತೋರಿಸುತ್ತಾಳೆ. ಇರುವೆ ಇರಬೇಕೆಂದು ಡಬ್ಬದ ಸುತ್ತ ಅರಿಸಿನ ಹಾಕಿದೆ. ಮತ್ತೆ ಅದೇ. ನಿನ್ನೆ ಅವಳ ಎರಡೂ ಕೈ ಹಿಡಿದುಕೊಂಡು "ಬಾಯಲ್ಲಿ ಹೇಳು" ಎಂದೆ. ಹೇಳಲಿಲ್ಲ. ಕೈಸನ್ನೆಗೆ ಬಿಟ್ಟರೆ ಬಾಯಿಮಾತು ಕಲಿಯುವುದಿಲ್ಲ ಎಂಬುದು ನಿನಗೂ ಗೊತ್ತು. ನಿನ್ನ ಮೇಲೆ ಅಷ್ಟು ಕಷ್ಟಪಟ್ಟದ್ದಕ್ಕೆ ಅಲ್ಲವೇ ನೀನಿಂದು ಇಷ್ಟು ಚೆನ್ನಾಗಿ ಕಾಗದ ಬರೆಯುವುದು?

ರೂತಮ್ಮ


ಪುಣೆ
೨೧ ಫೆಬ್ರುವರಿ ೨೦೦೪

ಟೀಚರ್,

ಈ ಪತ್ರ ಮುಟ್ಟುವ ಮೊದಲೇ ಶಿವರಾಜಪ್ಪನವರು ಬಂದು ಪ್ಲಗ್ ಕಿತ್ತಿರುತ್ತಾರೆ. ನಿಮ್ಮ ಪತ್ರ ಇಂದು ಬೆಳಿಗ್ಗೆ ಬಂತು. ಬಿಲ್ಲಿನ ಮೇಲಿದ್ದ ಅವರ ಅಂಗಡಿಯ ನಂಬರಿಗೆ ನಿಜಾಮೋದ್ದೀನ ಭಾಯಿ ತಕ್ಷಣ ಫೋನ್ ಮಾಡಿದರು.

ಅದು ಇರುವೆ ಅಲ್ಲ. ಕರೆಂಟು. ನಿಮ್ಮ ಗೋಡೆಯ ಹಿಂದೆ ಅರ್ಥಿಂಗ್ ಗುಂಡಿ ಇದೆ. ನೆಲದಲ್ಲಿ ಹೂತ ಕಬ್ಬಿಣದ ಪೈಪು, ಸುತ್ತಲೂ ಇದ್ದಿಲು, ಉಪ್ಪು. ಆ ಮಣ್ಣು ಹಸಿಯಿದ್ದರೆ ಡಬ್ಬದಿಂದ ಸೋರಿದ ಕರೆಂಟು ಭೂಮಿಗೆ ಇಳಿಯುತ್ತದೆ. ಒಣಗಿದರೆ ತಗಡಿನಲ್ಲೇ ನಿಲ್ಲುತ್ತದೆ. ಮೊದಲು ಜುಮ್ ಎನ್ನುತ್ತದೆ. ಆಮೇಲೆ ಏನಾಗುತ್ತದೆ ಎಂದು ನಾನು ಬರೆಯುವುದಿಲ್ಲ. ಇಲೆಕ್ಟ್ರಿಶಿಯನ್ ಬಂದು ನೋಡಬೇಕು. ಗುಂಡಿಗೆ ದಿನವೂ ನೀರು ಬೀಳಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು.

ಸುಭದ್ರಾ ನಿಮಗೆ ಎರಡು ದಿನ ಅದನ್ನೇ ಹೇಳಿದಳು. ಅಷ್ಟು ಸ್ಪಷ್ಟವಾಗಿ ನಾನೂ ಹೇಳಲಾರೆ. ನೀವು ಅವಳ ಕೈ ಹಿಡಿದಿರಿ. ಟೀಚರ್, ಕಿವಿಯಿದ್ದ ಹುಡುಗಿ "ಬೆಂಕಿ" ಎಂದು ಕೂಗಿದರೆ ಅವಳ ಬಾಯಿ ಮುಚ್ಚುತ್ತೀರಾ? ನನಗೆ ಸಿಟ್ಟು ಬಂದಿದೆ. ನಿಮ್ಮ ಮೇಲೆ ಸಿಟ್ಟು ಬಂದದ್ದು ಇದೇ ಮೊದಲಲ್ಲ, ಬರೆಯುತ್ತಿರುವುದು ಮೊದಲು.

ಇನ್ನೊಂದು ಮಾತು. ನಿಜಾಮೋದ್ದೀನ ಭಾಯಿ ನನ್ನ ಜೊತೆ ಖಾಲಿ ರಟ್ಟಿನ ಡಬ್ಬದ ಮೇಲೆ ಬರೆದು ಮಾತಾಡುತ್ತಾರೆ. ನಿಮ್ಮ ಪತ್ರ ಓದಿ ಅವರು ಬರೆದದ್ದು ಹೀಗೆ: "ಅರ್ಥಿಂಗ್ ಒಣಗಿದ್ರ ಊಫರ್ ಗುಂಯ್ ಅಂತದ. ಮಗ್ಗಲ ಮನಿಗೂ ಕೇಳಸ್ತದ. ಸದ್ದೇ ಇಲ್ಲ ಅಂತಾರಲ್ಲೋ. ಟೀಚರಿಗಿ ಕಿವಿ ಕೇಳಸ್ತದೇನು?"

ಆ ರಟ್ಟನ್ನು ಪಕ್ಕಕ್ಕಿಟ್ಟು ನಿಮ್ಮ ಹಳೆಯ ಪತ್ರಗಳನ್ನೆಲ್ಲ ಮತ್ತೆ ಓದಿದೆ.

ನಿಮ್ಮನ್ನು ಕೇಳುವ ಮೊದಲು ನನ್ನದು ಹೇಳಬೇಕು. ನಾನು ಗಿರಾಕಿಗಳಿಗೆ ಏನನ್ನೂ ಆರಿಸಿ ಕೊಡುವುದಿಲ್ಲ. ನಾನು ಹಮಾಲ. ಗೋದಾಮಿನಿಂದ ಡಬ್ಬ ಹೊತ್ತು ಟೆಂಪೋಗೆ ಹಾಕುತ್ತೇನೆ. ಯಾವ ರಿಸೀವರ್ ಭಾರ ಎಂದು ನನ್ನ ಬೆನ್ನಿಗೆ ಗೊತ್ತು, ಯಾವ ಊಫರ್ ಒಳ್ಳೆಯದು ಎಂದು ಊಟದ ಬಿಡುವಿನಲ್ಲಿ ಅಂಗೈಯಿಂದ ತಿಳಿದುಕೊಂಡೆ. ಆ ಫುಗ್ಗಾ ಕೂಡ ನನ್ನದೇ. ನಿಮಗೆ ಕಳಿಸಿದ ಜೋಡಿ ಮಾತ್ರ ನಿಜವಾಗಿ ನಾನೇ ಆರಿಸಿದ್ದು, ಜೀವನದಲ್ಲಿ ಒಂದೇ. ಅವ್ವನಿಗೆ ಹೇಳಬೇಡಿ. ಇಲ್ಲ, ಹೇಳಿ. ನನಗೆ ಈ ಸುಳ್ಳು ಸಾಕಾಗಿದೆ.

ಈಗ ನೀವು ಹೇಳಿ. ಎಷ್ಟು ಉಳಿದಿದೆ?

ಗೋರಖನಾಥ


ಭಾಲ್ಕಿ
೩ ಮಾರ್ಚ್ ೨೦೦೪

ಗೋರಖನಾಥ,

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಕಾಲು ಭಾಗ. ಕ್ರಿಸ್ಮಸ್ಸಿಗೆ ಬೀದರಿನಲ್ಲಿ ಪರೀಕ್ಷೆ ಮಾಡಿಸಿದೆ. ಆನಂದಮ್ಮ ನರ್ಸ್ ಆದ್ದರಿಂದ ಮುಚ್ಚಿಡಲಾಗಲಿಲ್ಲ. ಅವಳ ಬಾಯಿ ಮುಚ್ಚಿಸಿದೆ. ಕಿವಿಗೆ ಯಂತ್ರ ಹಾಕಿಕೊಳ್ಳೆಂದಳು, ಯಾರಾದರೂ ನೋಡಿದರೆ ಎಂದು ಹಾಕಲಿಲ್ಲ. ನನ್ನ ಕಿವಿ ಹೋಯಿತೆಂದು ತಿಳಿದರೆ ಕಮಿಟಿ ನನ್ನನ್ನು ಬಿಡಿಸುತ್ತದೆ, ಬೇರೆ ಟೀಚರ್ ಇಲ್ಲ, ಶಾಲೆ ಮುಚ್ಚುತ್ತದೆ, ಹನ್ನೆರಡು ಮಕ್ಕಳು ಕಬ್ಬಿನ ಗದ್ದೆಗೆ ಹೋಗುತ್ತಾರೆ. ಇದೇ ಲೆಕ್ಕ ಹಾಕುತ್ತ ಆ ಮಕ್ಕಳನ್ನೇ ಕರೆಂಟಿನ ಬಾಯಿಗೆ ಕೊಟ್ಟಿದ್ದೆ.

ಶಿವರಾಜಪ್ಪನವರು ಸ್ಕೂಟರ್ ಮೇಲೆ ಬಂದರು. ನಾನು ಬಾಗಿಲಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವರು ಓಡಿಹೋಗಿ ಪ್ಲಗ್ ಕಿತ್ತದ್ದು ನನಗೆ ತಿಳಿದದ್ದು ಮಕ್ಕಳೆಲ್ಲ ಆ ಕಡೆ ತಿರುಗಿದಾಗ. ಅವರು ನನ್ನ ಎದುರಿಗೆ ಬಂದು, ನಿನಗೆ ಗೊತ್ತಲ್ಲ, ಯಾವಾಗಲೂ ಕೂಗಿಯೇ ಮಾತಾಡುವವರು, "ಗೇಟಿನ ಮಟ ಗುಂಯ್ ಅನ್ಲತ್ತದ ಟೀಚರ್! ನಿಮಗ ಕೇಳಸ್ಲಿಲ್ಲೇನ್ರಿ?" ಎಂದರು. "ಇಲ್ರಿ" ಎಂದೆ. ಅಷ್ಟೇ. ಎರಡು ವರ್ಷದಿಂದ ಹೊತ್ತಿದ್ದು ಒಂದು ಮಾತಿನಲ್ಲಿ ಇಳಿಯಿತು.

ಅವರು ಕಟ್ಟೆಯ ಮೇಲೆ ಕೂತುಬಿಟ್ಟರು. "ನಾ ಕಮಿಟಿಗಿ ಹೇಳಬೇಕಾಗ್ತದ್ರಿ" ಎಂದರು. "ನಾನೇ ಹೇಳ್ತೇನ್ರಿ" ಎಂದೆ. ಸೋಮವಾರ ಹೇಳಿದೆ.

ಗುಂಡಿಯ ಮಾತು ಹೇಳಿಬಿಡುತ್ತೇನೆ. ಇಲೆಕ್ಟ್ರಿಶಿಯನ್ ಬಂದು ಇದ್ದಿಲು, ಉಪ್ಪು ಹಾಕಿ ದಿನಕ್ಕೆ ಎರಡು ಕೊಡ ನೀರು ಕೇಳಿದ. ಕುಡಿಯಲೇ ನೀರಿಲ್ಲದಾಗ ನೆಲಕ್ಕೆ ಎರಡು ಕೊಡ! ನಾನು ಊಫರನ್ನು ಕಟ್ಟಿ ಇಡೋಣವೆಂದೆ. ಮರುದಿನ ಬೆಳಿಗ್ಗೆ ನೋಡಿದರೆ ಸುಭದ್ರಾ ಮುಖ ತೊಳೆಯುವಾಗ ಕೆಳಗೆ ತಟ್ಟೆ ಇಟ್ಟುಕೊಂಡಿದ್ದಳು. ಆ ನೀರು ಒಯ್ದು ಗುಂಡಿಗೆ ಹಾಕಿ, ಅಂಗೈಯಿಂದ ಮಣ್ಣು ತಟ್ಟಿದಳು. ಅವಳ ಹಿಂದೆ ಹನ್ನೊಂದು ತಟ್ಟೆ. ಎಂಟು ದಿನದ ಮೇಲೆ ಇಲೆಕ್ಟ್ರಿಶಿಯನ್ ಮೀಟರ್ ಹಚ್ಚಿ ನೋಡಿ ಹೂಂ ಎಂದ. ಊಫರ್ ಈಗ ಡಿಸ್ಕ್ ಹಾಕಿದಾಗ ಮಾತ್ರ ನಡುಗುತ್ತದೆ.

ಅವಳ ಕೈ ಹಿಡಿದದ್ದಕ್ಕೆ ಅವಳ ಕ್ಷಮೆ ಕೇಳಬೇಕೆಂದು ಎದುರಿಗೆ ಕೂರಿಸಿಕೊಂಡೆ. "ತಪ್ಪಾಯಿತು" ಎಂದೆ. ಅವಳು ನನ್ನ ತುಟಿ ನೋಡಿದಳು, ತಿಳಿಯಲಿಲ್ಲ. ಮತ್ತೆ ಹೇಳಿದೆ. ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಕಿವುಡ ಮಕ್ಕಳಿಗೆ ಕಲಿಸಿದವಳಿಗೆ ಒಂದು ಮಗುವಿಗೆ ತಪ್ಪಾಯಿತು ಎಂದು ಹೇಳಲು ಬರಲಿಲ್ಲ.

ಕಮಿಟಿ ಜೂನ್ ತನಕ ಸಮಯ ಕೊಟ್ಟಿದೆ. ಅಷ್ಟರಲ್ಲಿ ಇನ್ನೊಬ್ಬ ಟೀಚರ್ ಸಿಗದಿದ್ದರೆ ಬೀಗ. ನಾನು ನಿನ್ನ ಹೆಸರು ಹೇಳಿದೆ. ಒಬ್ಬರು "ಕಿವುಡ ಮಾಸ್ತರ್ ಏನು ಕಲಸ್ತಾನ್ರಿ?" ಎಂದರು. ಶಿವರಾಜಪ್ಪನವರು ಮೇಜು ಗುದ್ದಿ, "ಸಾಲ್ಯಾಗ ಕರೆಂಟ್ ಸೋರ್ಲತ್ತದಂತ ಪುಣಾದಾಗ ಕುಂತು ತಿಳಕೊಂಡಾಂವ ಯಾರ್ರಿ? ಅಂವ ಏನು ಕಲಸ್ತಾನ ನೋಡಮು!" ಎಂದರು. ಒಪ್ಪಿದ್ದಾರೆ. ಪಗಾರ ನಿನ್ನ ಹಮಾಲಿಗಿಂತ ಕಡಿಮೆಯೇ ಇರಬಹುದು.

ಕೌಸಲ್ಯಾಬಾಯಿಗೆ ಹೇಳಿದೆ. ಅವರು, "ಹಮಾಲಿ ಮಾಡಿದ್ರ ಏನಾಯ್ತ್ರಿ, ಊಫರ್ ಅಂವನೇ ಆರಿಸ್ಯಾನಲ್ಲ" ಎಂದರು. ಅವರು ಬಸ್ಸಿನಲ್ಲಿ ಹೇಳುವ ಕಥೆ ಬದಲಾಗುವುದಿಲ್ಲ.

ಬಾ ಎನ್ನುವ ಅಧಿಕಾರ ನನಗಿಲ್ಲ. ಆ ರೂಲರ್ ನೆನಪಿದೆ ಎಂದು ನೀನು ಬರೆದದ್ದನ್ನು ನಾನು ಮರೆತಿಲ್ಲ. ಆದರೂ ಕೇಳುತ್ತೇನೆ. ನೀವೆಲ್ಲ ನನ್ನ ಬೆನ್ನ ಹಿಂದೆ, ಬಾವಿಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ ಆ ಕೈಮಾತು ನನಗೆ ಬೇಕಾಗಿದೆ. ಮಕ್ಕಳಿಗೆ ಕಲಿಸಲಲ್ಲ, ಅವರಿಗೆ ಬರುತ್ತದೆ. ನನಗೇ ಕಲಿಸಬೇಕು. ನಾನು ಕಿವುಡಿಯಾಗುತ್ತಿದ್ದೇನೆ, ಗೋರಖನಾಥ, ಮತ್ತು ನನಗೆ ಭಯವಾಗುತ್ತಿದೆ.

ರೂತಮ್ಮ


ಪುಣೆ
೧೧ ಮಾರ್ಚ್ ೨೦೦೪

ಟೀಚರ್,

ಯುಗಾದಿಗೆ ಬರುತ್ತೇನೆ. ಹಾಸಿಗೆ, ಟ್ರಂಕು ಸಮೇತ. ನಿಜಾಮೋದ್ದೀನ ಭಾಯಿ ರಟ್ಟಿನ ಮೇಲೆ "ಹೋಗ್ ನೀ, ಡಬ್ಬಿ ಹೊರಾಕ ಯಾರಾದ್ರೂ ಸಿಗ್ತಾರ" ಎಂದು ಬರೆದು, ಆ ರಟ್ಟನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಬಸ್ಸಿನಲ್ಲಿ ಅರ್ಧ ಹೋಗಬಹುದು. ಒಂದು ಕರಾರು ಇದೆ. ಪಾಠದ ಹೊತ್ತಿನಲ್ಲಿ ನೀವು ಬಾಯಿ ಆಡಿಸಬಾರದು. ರೂಲರ್ ಯಾವ ಕಪಾಟಿನಲ್ಲಿದೆ ಎಂದು ನನಗೆ ಗೊತ್ತು.

ಮೊದಲ ಪಾಠಕ್ಕೆ ನಾನು ಬರುವವರೆಗೆ ಕಾಯಬೇಡಿ. ಸುಭದ್ರಾಳನ್ನು ಎದುರಿಗೆ ಕೂರಿಸಿಕೊಳ್ಳಿ. ಅವಳು ಮಾಡಿದ ಹಾಗೆಯೇ ನಿಮ್ಮ ಬೆರಳುಗಳನ್ನು ತೋಳಿನ ಮೇಲೆ ಹರಿಸಿ. ಆಮೇಲೆ ನಿಮ್ಮ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡ ಹಾಗೆ ಮಾಡಿ, ನಿಧಾನ ಬಿಡಿಸಿ. ಬಿಡಿಸಿದ ಅಂಗೈಯನ್ನು ನಿಮ್ಮ ಎದೆಗೆ ಒತ್ತಿ, ತಲೆ ಬಾಗಿಸಿ. ಇಷ್ಟೇ. ಬಾವಿಯ ಕಟ್ಟೆಯ ಮೇಲೆ ನಾವು ಜಗಳ ಮುಗಿಸುತ್ತಿದ್ದದ್ದು ಹೀಗೆ.

ಅವಳು ಏನಾದರೂ ಹೇಳುತ್ತಾಳೆ. ಅದನ್ನು ಕಾಗದದಲ್ಲಿ ಬರೆಯಬೇಡಿ. ನಾನು ಬಸ್ಸಿನಿಂದ ಇಳಿದಾಗ ಕೈಯಲ್ಲಿ ಹೇಳಿ.

ಗೋರಖನಾಥ